ಶಿವಮೊಗ್ಗದಿಂದ ತಿರುಪತಿಗೆ: ವಿಮಾನ ಒಂದು ಗಂಟೆ, ಪ್ರಯಾಣ ಎಷ್ಟು ಹೊತ್ತು?

ಕೇಳಿದವರು, ಸಾಗರ:
ಅಮ್ಮನಿಗೆ 72 ವರ್ಷ, ಮಂಡಿನೋವು. ತಿಮ್ಮಪ್ಪನ ದರ್ಶನ ಮಾಡಿಸುವ ಹರಕೆ ಬಾಕಿ ಇದೆ. ಶಿವಮೊಗ್ಗದಿಂದ ತಿರುಪತಿಗೆ ವಿಮಾನದಲ್ಲಿ ಒಂದೇ ಗಂಟೆ ಎನ್ನುತ್ತಾರೆ. ಮನೆ ಬಿಟ್ಟು ಬೆಟ್ಟ ಸೇರುವವರೆಗೆ ಎಷ್ಟು ಹೊತ್ತು ಹಿಡಿಯುತ್ತದೆ? ಹೋಗಿಬಂದವರು ತಿಳಿಸಿ.

ತೀರ್ಥಹಳ್ಳಿಯಿಂದ:
ಕಳೆದ ವರ್ಷ ಅಪ್ಪನನ್ನು ಕರೆದುಕೊಂಡು ಹೋಗಿದ್ದೆ. ಒಂದು ಗಂಟೆ ಎನ್ನುವುದು ನಿಜ, ಆದರೆ ಆಕಾಶದಲ್ಲಿ ಮಾತ್ರ. ಎರಡು ನಿಲ್ದಾಣಗಳ ನೇರ ದೂರ ಸುಮಾರು 425 ಕಿ.ಮೀ. ನಾವು ಹೋದದ್ದು 76 ಆಸನಗಳ ಜೆಟ್ ವಿಮಾನದಲ್ಲಿ. ಅದರ ಪೂರ್ಣ ವೇಗಕ್ಕೆ ಇದು ಅರ್ಧ ಗಂಟೆಯ ದಾರಿ. ಆದರೆ ಮೇಲೇರಿ ಸ್ವಲ್ಪ ಹೊತ್ತಾಗುವಷ್ಟರಲ್ಲೇ ಇಳಿಯಲು ತೊಡಗುತ್ತದೆ. ಆ ವೇಗದಲ್ಲಿ ಓಡುವ ಹೊತ್ತೇ ಕಡಿಮೆ.

ಉಳಿದ ಹೊತ್ತೆಲ್ಲ ನೆಲದ ಮೇಲೆ ಹೋಗುತ್ತದೆ. ಊರಿನಿಂದ ಶಿವಮೊಗ್ಗದ ವಿಮಾನ ನಿಲ್ದಾಣವಿರುವ ಸೋಗಾನೆಗೆ ಸುಮಾರು ಎರಡು ಗಂಟೆ, ಅಲ್ಲಿ ಕಾಯುವುದು ಒಂದೂವರೆ. ತಿರುಪತಿಯ ವಿಮಾನ ನಿಲ್ದಾಣ ಇರುವುದು ರೇಣಿಗುಂಟದಲ್ಲಿ. ಸಾಮಾನು ತೆಗೆದುಕೊಂಡು ಟ್ಯಾಕ್ಸಿ ಹಿಡಿದು ಬೆಟ್ಟದ ಬುಡದ ಅಲಿಪಿರಿಗೆ ಬಂದು, ತಪಾಸಣೆ ಮುಗಿಸಿ ಘಾಟಿ ಹತ್ತಿದಾಗ ಮನೆ ಬಿಟ್ಟು ಏಳು ಗಂಟೆಯಾಗಿತ್ತು. ಕಾರಿನಲ್ಲಿ ಹೋಗಿದ್ದರೆ ಹನ್ನೊಂದು, ಹನ್ನೆರಡು ಗಂಟೆ ಕುಳಿತೇ ಇರಬೇಕಿತ್ತು. ಅಪ್ಪನ ಸೊಂಟಕ್ಕೆ ಆ ವ್ಯತ್ಯಾಸವೇ ದೊಡ್ಡ ವರವಾಯಿತು.

ಅಮ್ಮನ ಮಂಡಿಯ ವಿಷಯ ಮರೆಯಬೇಡಿ. ನಾವು ಹೋದಾಗ ಎರಡೂ ಕಡೆ ಮೆಟ್ಟಿಲು ಹತ್ತಿಯೇ ವಿಮಾನದೊಳಗೆ ಹೋಗಬೇಕಿತ್ತು. ಟಿಕೆಟ್ ಮಾಡುವಾಗಲೇ ಗಾಲಿಕುರ್ಚಿ ಬೇಕೆಂದು, ಮೆಟ್ಟಿಲು ಹತ್ತಲಾಗದೆಂದು ಎರಡನ್ನೂ ಬಿಡಿಸಿ ಹೇಳಿ. ನಾನು ಮೊದಲನೆಯದನ್ನಷ್ಟೇ ಹೇಳಿದ್ದೆ. ಕುರ್ಚಿ ಮೆಟ್ಟಿಲ ಬುಡಕ್ಕೆ ಬಂದು ನಿಂತಿತು.

ಭದ್ರಾವತಿಯಿಂದ:
ಮೇಲಿನವರು ಹೇಳಿದ್ದೆಲ್ಲ ಸರಿ, ಆದರೆ ಮಳೆಗಾಲದಲ್ಲಿ ನಂಬಿ ಕೂರಬೇಡಿ. ಆಷಾಢದಲ್ಲಿ ಮೋಡ ಕವಿದು ನಮ್ಮ ವಿಮಾನ ರದ್ದಾಯಿತು. ಹಣ ವಾಪಸಾಯಿತು, ಆದರೆ ಅಂದೇ ಮಧ್ಯಾಹ್ನಕ್ಕೆ ಗೊತ್ತು ಮಾಡಿದ್ದ ದರ್ಶನ ತಪ್ಪಿತು. ಇಂದಿಗೂ ಆ ನೋವಿದೆ. ದರ್ಶನವನ್ನು ಮರುದಿನಕ್ಕೇ ಇಟ್ಟುಕೊಳ್ಳಿ. 65 ದಾಟಿದವರಿಗೆ ದೇವಸ್ಥಾನದವರ ಜಾಲತಾಣದಲ್ಲಿ ಪ್ರತ್ಯೇಕ ಕೋಟಾ ಇದೆ, ಬೇಗ ಮುಗಿಯುತ್ತದೆ. ಮೊದಲು ಅದು ಸಿಗಲಿ, ವಿಮಾನದ ಟಿಕೆಟ್ ಆಮೇಲೆ.

ಹೊಸನಗರದಿಂದ:
ಒಂದು ಮಾತು ಸೇರಿಸುತ್ತೇನೆ. ವಿಮಾನಗಳ ವೇಳಾಪಟ್ಟಿ ಮಾರ್ಚ್ ಮತ್ತು ಅಕ್ಟೋಬರ್ ತಿಂಗಳ ಕೊನೆಯ ಭಾನುವಾರ ಬದಲಾಗುತ್ತದೆ. ಸಣ್ಣ ನಿಲ್ದಾಣಗಳಲ್ಲಿ ಆಗಲೇ ದಿನಗಳು ಅದಲುಬದಲಾಗುವುದು, ಕೆಲವು ಮಾರ್ಗಗಳು ನಿಲ್ಲುವುದು. ನಿಮ್ಮ ದಿನಾಂಕ ಅದರಾಚೆಗಿದ್ದರೆ ಹೊಸ ಪಟ್ಟಿ ಬಂದ ಮೇಲೆ ಹಿಂತಿರುಗುವ ವಿಮಾನವನ್ನೂ ನೋಡಿಯೇ ಹಣ ಕಟ್ಟಿ.