ಉಳುಕಿದ ಹರಡಿನ ಲಿಗಮೆಂಟಿಗೆ ಲೇಸರ್ ಚಿಕಿತ್ಸೆ ಕೊಡಿಸಬಹುದೇ?

ಪ್ರಶ್ನೆ: ಆಟಗಾರ್ತಿಯ ತಾಯಿ, ದಾವಣಗೆರೆ

ಹದಿನಾರು ವರ್ಷದ ನನ್ನ ಮಗಳು ಮೂರು ವಾರಗಳ ಹಿಂದೆ ಹೈಸ್ಕೂಲ್ ಮೈದಾನದಲ್ಲಿ ಖೋ-ಖೋ ಅಭ್ಯಾಸ ಮಾಡುತ್ತಿದ್ದಾಗ, ಕಂಬ ಸುತ್ತುವ ಭರದಲ್ಲಿ ಬಲಪಾದ ಒಳಕ್ಕೆ ಹೊರಳಿ ಬಿದ್ದಳು. ಎಕ್ಸ್‌ರೇಯಲ್ಲಿ ಮೂಳೆ ಮುರಿದಿಲ್ಲ. ಹರಡಿನ ಹೊರಬದಿಯ ಲಿಗಮೆಂಟ್ (ಮೂಳೆಗಳನ್ನು ಒಂದಕ್ಕೊಂದು ಬಿಗಿದಿಡುವ ಪಟ್ಟಿ) ಅರೆಬರೆ ಹರಿದಿದೆಯೆಂದು ವೈದ್ಯರು ಪರೀಕ್ಷಿಸಿ ಹೇಳಿದ್ದಾರೆ. ಫಿಸಿಯೋಥೆರಪಿಯವರು ಹತ್ತು ಸಲ ಲೇಸರ್ ಕೊಡೋಣ ಎನ್ನುತ್ತಾರೆ, ಮನೆಯ ಹಿರಿಯರು ಉಳುಕು ತೆಗೆಸು ಎನ್ನುತ್ತಾರೆ. ಬೆಳಕಿನಿಂದ ಲಿಗಮೆಂಟ್ ಕೂಡುವುದು ನಿಜವೇ? ಚರ್ಮ ಸುಡುವುದಿಲ್ಲವೇ?

ಉತ್ತರ: ಫಿಸಿಯೋಥೆರಪಿಸ್ಟ್, ಚಿತ್ರದುರ್ಗ

ಮೇಡಂ, ಉಳುಕು ತೆಗೆಸುತ್ತೇವೆಂದು ಹರಿದ ಎಳೆಗಳನ್ನು ಎಳೆದು ತಿಕ್ಕಿಸುವುದನ್ನು ದಯವಿಟ್ಟು ಮಾಡಿಸಬೇಡಿ. ಇನ್ನು ಲೇಸರ್ ವಿಚಾರ. ಇದು ಶಸ್ತ್ರಚಿಕಿತ್ಸೆಯಲ್ಲಿ ಕತ್ತರಿಸುವ ಲೇಸರ್ ಅಲ್ಲ. ಸಾಮಾನ್ಯವಾಗಿ ಅರ್ಧ ವ್ಯಾಟ್ ಮೀರದ, 600ರಿಂದ 1000 ನ್ಯಾನೋಮೀಟರ್ ತರಂಗಾಂತರದ ಕೆಂಪು ಅಥವಾ ಕಣ್ಣಿಗೆ ಕಾಣದ ಅವಕೆಂಪು ಬೆಳಕಾದ್ದರಿಂದ ಚರ್ಮ ಸುಡುವಷ್ಟು ಬಿಸಿಯಾಗುವುದಿಲ್ಲ. ಬುಡಾಪೆಸ್ಟ್‌ನ ವೈದ್ಯ ಎಂಡ್ರೆ ಮೆಸ್ಟರ್ 1967ರಲ್ಲಿ, ಲೇಸರ್‌ನಿಂದ ಕ್ಯಾನ್ಸರ್ ಬರುತ್ತದೆಯೇ ಎಂದು ಇಲಿಗಳ ಮೇಲೆ ಪರೀಕ್ಷಿಸುವಾಗ, ಬೋಳಿಸಿದ ಜಾಗದಲ್ಲಿ ಕೂದಲು ಬೇಗ ಬೆಳೆದದ್ದನ್ನು ಕಂಡರು. ಈ ಚಿಕಿತ್ಸೆಯ ಮೂಲ ಅದು. ಜೀವಕೋಶಕ್ಕೆ ಶಕ್ತಿ ಒದಗಿಸುವ ಭಾಗವಾದ ಮೈಟೋಕಾಂಡ್ರಿಯಾದಲ್ಲಿರುವ ಒಂದು ಕಿಣ್ವ ಈ ಬೆಳಕನ್ನು ಹೀರಿಕೊಂಡು ಕೋಶದ ಶಕ್ತಿಯ ಉತ್ಪಾದನೆಯನ್ನು ಹೆಚ್ಚಿಸುತ್ತದೆ ಎಂಬುದು ಹೆಚ್ಚಿನವರು ಒಪ್ಪುವ ವಿವರಣೆ.

ಆದರೆ ಪ್ರಾಣಿಗಳಲ್ಲಿ ಕಂಡಷ್ಟು ಸ್ಪಷ್ಟ ಫಲ ಮನುಷ್ಯರ ಹರಡಿನಲ್ಲಿ ಕಂಡಿಲ್ಲ ಎಂಬುದನ್ನು ನಾನು ಮುಚ್ಚಿಡಲಾರೆ. 1998ರಲ್ಲಿ ಪ್ರಕಟವಾದ, 217 ರೋಗಿಗಳ ಡಚ್ ಅಧ್ಯಯನವೊಂದರಲ್ಲಿ ಹುಸಿ ಲೇಸರ್‌ಗಿಂತ (ಕೊಟ್ಟಂತೆ ತೋರಿಸುವ ನಕಲಿ ಚಿಕಿತ್ಸೆಗಿಂತ) ನಿಜವಾದ ಲೇಸರ್ ಮೇಲೆಂದು ಕಾಣಲಿಲ್ಲ. ತರಂಗಾಂತರ ಮತ್ತು ಪ್ರಮಾಣ ಬದಲಾದರೆ ಫಲವೂ ಬದಲಾಗುತ್ತದೆ: ಕಡಿಮೆಯಾದರೆ ಪ್ರಯೋಜನವಿಲ್ಲ, ಅತಿಯಾದರೆ ಕೋಶದ ಕೆಲಸವೇ ಕುಗ್ಗಬಹುದು. ಆದ್ದರಿಂದ ಪ್ರತಿ ಬಿಂದುವಿಗೆ ಎಷ್ಟು ಜೂಲ್ (ಶಕ್ತಿಯ ಅಳತೆ) ಕೊಡುತ್ತೀರಿ ಎಂದು ನಿಮ್ಮ ಫಿಸಿಯೋಥೆರಪಿಯವರನ್ನು ಕೇಳಿರಿ. ಮಗಳೂ ಚಿಕಿತ್ಸೆ ನೀಡುವವರೂ ರಕ್ಷಣಾ ಕನ್ನಡಕ ಧರಿಸಲೇಬೇಕು.

ಉತ್ತರ: ದೈಹಿಕ ಶಿಕ್ಷಣ ಶಿಕ್ಷಕ, ದಾವಣಗೆರೆ

ನನಗೂ ಇದೇ ಪೆಟ್ಟಾಗಿತ್ತು. ಲೇಸರ್ ಕೊಡಿಸಿಕೊಂಡ ಮೇಲೆ ನೋವು ಇಳಿಯಿತು, ಅದನ್ನೇ ವಾಸಿಯೆಂದು ತಿಳಿದು ವ್ಯಾಯಾಮ ಬಿಟ್ಟೆ. ಎರಡು ತಿಂಗಳಲ್ಲಿ ಅದೇ ಕಾಲು ಮತ್ತೆ ಉಳುಕಿತು. ಒಂಟಿ ಕಾಲಿನಲ್ಲಿ ನಿಲ್ಲುವ ಅಭ್ಯಾಸವನ್ನು ಮಗಳಿಗೆ ತಪ್ಪದೆ ಮಾಡಿಸಿರಿ.

ಆಟಗಾರ್ತಿಯ ತಾಯಿ

ಇಬ್ಬರಿಗೂ ವಂದನೆಗಳು. ಮುಂದಿನ ತಿಂಗಳು ತಾಲ್ಲೂಕು ಮಟ್ಟದ ಆಟಕ್ಕೆ ಅವಳನ್ನು ಕಳಿಸಬಹುದೇ?

ಫಿಸಿಯೋಥೆರಪಿಸ್ಟ್, ಚಿತ್ರದುರ್ಗ

ತಾರೀಖು ನೋಡಿ ನಿರ್ಧರಿಸಬೇಡಿ. ಲಿಗಮೆಂಟ್ ಕೂಡುವಾಗ ಮೊದಲು ಹುಟ್ಟುವ ಕೊಲಾಜನ್ ಎಂಬ ಪ್ರೋಟೀನಿನ ಎಳೆಗಳು ದುರ್ಬಲವಾಗಿರುತ್ತವೆ, ಅವು ಗಟ್ಟಿಯಾಗಲು ತಿಂಗಳುಗಳೇ ಬೇಕು. ಪೆಟ್ಟಾದ ಕಾಲೊಂದರ ಮೇಲೆಯೇ ನೋವಿಲ್ಲದೆ ಕುಪ್ಪಳಿಸಿ, ಓಡುತ್ತಲೇ ತಟ್ಟನೆ ದಿಕ್ಕು ಬದಲಿಸಿ ತೋರಿಸಿದ ಮೇಲೆ ವೈದ್ಯರನ್ನು ಕೇಳಿ ಕಳಿಸಿರಿ. ಅಷ್ಟರಲ್ಲಿ ಹರಡು ಜಾರಿದಂತೆ, ನಿಲ್ಲದಂತೆ ಅನ್ನಿಸಿದರೆ ಎಂಆರ್‌ಐ ಬೇಕೇ ಎಂದು ವಿಚಾರಿಸಿರಿ.