ಸಹಾಯ ಬೇಕು: ಪ್ಯಾನಿಕ್ ಡಿಸಾರ್ಡರ್ ಬಗ್ಗೆ ತಿಳಿದವರು ದಯವಿಟ್ಟು ಹೇಳಿ

ಎಲ್ಲರಿಗೂ ನಮಸ್ಕಾರ. ನನ್ನ ತಂಗಿಗೆ ಪ್ಯಾನಿಕ್ ಡಿಸಾರ್ಡರ್ (ಇದ್ದಕ್ಕಿದ್ದ ಹಾಗೆ ಮತ್ತೆ ಮತ್ತೆ ತೀವ್ರ ಭಯ ಉಕ್ಕುವ ಒಂದು ಬಗೆಯ ಆತಂಕದ ಕಾಯಿಲೆ) ಇದೆ ಎಂದು ಮನೋವೈದ್ಯರು ಹೇಳಿದ್ದಾರೆ. ಲಿಫ್ಟ್ ಬಾಗಿಲು ಮುಚ್ಚಿದರೆ ಸಾಕು, ಎದೆ ಡವಡವ ಹೊಡೆದುಕೊಳ್ಳುತ್ತದೆ, ಬೆರಳು ಜುಮ್ಮೆನ್ನುತ್ತವೆ, ಉಸಿರು ಕಟ್ಟಿದ ಹಾಗಾಗುತ್ತದೆ. ಸ್ವಲ್ಪ ಹೊತ್ತಿಗೆ ಇಳಿಯುತ್ತದೆ. ಆದರೆ ಮತ್ತೆ ಬಂದರೆ ಏನು ಗತಿ ಅನ್ನುವ ಭಯ ಇಡೀ ದಿನ ಬಿಡುವುದಿಲ್ಲ.

"ಸುಮ್ನೆ ಧೈರ್ಯ ತಂದ್ಕೋ" ಅನ್ನುವವರೇ ಜಾಸ್ತಿ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ 2019ರಲ್ಲಿ ಸುಮಾರು 30 ಕೋಟಿ ಜನರಿಗೆ ಆತಂಕದ ಕಾಯಿಲೆ ಇತ್ತು. ಅವರೆಲ್ಲ ಪುಕ್ಕಲರೇನಲ್ಲ, ಅಲ್ವಾ?

ಈಗ ಸಿಬಿಟಿ (ಯೋಚನೆ, ನಡವಳಿಕೆಗಳನ್ನು ಬದಲಿಸಲು ಕಲಿಸುವ ಮಾನಸಿಕ ಚಿಕಿತ್ಸೆ) ಶುರುವಾಗಿದೆ. ಭಯವಾಗುವ ಜಾಗಕ್ಕೆ ಹಂತಹಂತವಾಗಿ ಹೋಗಿ, ಓಡಿಹೋಗದೆ ಅಲ್ಲೇ ನಿಲ್ಲುವ ಅಭ್ಯಾಸ. ಸಂಶೋಧನೆಗಳ ಪ್ರಕಾರ ಇದರಿಂದ ಹಳೇ ಭಯ ಅಳಿಸಿಹೋಗುವುದಿಲ್ಲ. 'ಇಲ್ಲಿ ಏನೂ ಆಗಲ್ಲ' ಅನ್ನುವ ಹೊಸ ಕಲಿಕೆ ಅದನ್ನು ಅದುಮಿಡುತ್ತದೆ. ಹಾಗಾಗಿ ಜಾಗ ಬದಲಾದರೆ ಭಯ ಮರಳಬಹುದು.

ನನ್ನ ಪ್ರಶ್ನೆ ಇಲ್ಲೇ ಇದೆ. ಪ್ರತಿ ಸಲ ನಾನು ಜೊತೆಗಿದ್ದರೆ, ನಾನಿರುವುದರಿಂದಲೇ ಸುರಕ್ಷಿತ ಎಂದು ಅವಳ ಮನಸ್ಸು ಕಲಿತುಬಿಡುವುದಿಲ್ಲವೇ? ಒಂಟಿಯಾಗಿ ಕಳಿಸಲೂ ಮನಸ್ಸು ಬರುವುದಿಲ್ಲ. ಈ ಚಿಕಿತ್ಸೆ ಪಡೆದವರು, ಕೊಡುವವರು ಯಾರಾದರೂ ಇದ್ದರೆ, ಮನೆಯವರು ಯಾವಾಗ, ಹೇಗೆ ಹಿಂದೆ ಸರಿಯಬೇಕು ತಿಳಿಸಿ.