ಪದಚರ್ಚೆ: ಬ್ಯಾರಿಸ್ಟರ್‌ಗಳ ‘ಇನ್’ ಮತ್ತು ಅದರ ‘ವಿದ್ಯಾರ್ಥಿ ಸದಸ್ಯ’

ಬಳಗದ ಎಲ್ಲರಿಗೂ ನಮಸ್ಕಾರ.

ಕಾನೂನು ವಿದ್ಯಾರ್ಥಿಗಳಿಗಾಗಿ ಸಿದ್ಧವಾಗುತ್ತಿರುವ ಕನ್ನಡ ಕೈಪಿಡಿಯೊಂದರಲ್ಲಿ, ಇಂಗ್ಲೆಂಡಿನಲ್ಲಿ ಬ್ಯಾರಿಸ್ಟರ್ ಆಗುವ ಕ್ರಮವನ್ನು ವಿವರಿಸುವ ಅಧ್ಯಾಯದ ಕರಡನ್ನು ತಿದ್ದುತ್ತಿದ್ದೇನೆ. ಒಬ್ಬರನ್ನು ಬ್ಯಾರಿಸ್ಟರ್ ಎಂದು ಅಂಗೀಕರಿಸುವ ಸಂಸ್ಥೆಗೆ ಇಂಗ್ಲೆಂಡಿನಲ್ಲಿ ‘ಇನ್’ ಎನ್ನುತ್ತಾರೆ. ‘ಸ್ಟೂಡೆಂಟ್ ಮೆಂಬರ್ ಆಫ್ ಆನ್ ಇನ್’ ಎಂಬುದನ್ನು ಕರಡಿನಲ್ಲಿ ‘ವಕೀಲರ ಸಂಘದ ವಿದ್ಯಾರ್ಥಿ ಸದಸ್ಯ’ ಎಂದು ಬರೆಯಲಾಗಿದೆ. ಪದಗಳನ್ನು ಬಿಡಿಬಿಡಿಯಾಗಿ ನೋಡಿದರೆ ಯಾವುದರಲ್ಲೂ ದೋಷವಿಲ್ಲ. ಆದರೆ ಕೂಡಿಸಿ ಓದಿದಾಗ ನಮ್ಮ ಓದುಗರ ಮನಸ್ಸಿನಲ್ಲಿ ಮೂಡುವ ಅರ್ಥ ಅಲ್ಲಿಯ ವ್ಯವಸ್ಥೆಯನ್ನು ತಲೆಕೆಳಗು ಮಾಡುತ್ತದೆ ಎಂಬುದು ನನ್ನ ಆಕ್ಷೇಪ. ಇದಕ್ಕೆ ಹೊಂದುವ ಪದ ಯಾವುದೆಂದು ತಿಳಿಯಲು ಈ ಪತ್ರ.

ನಮ್ಮಲ್ಲಿ ಕಾನೂನು ಪದವಿ ಮುಗಿಸಿದವರು 1961ರ ವಕೀಲರ ಅಧಿನಿಯಮದಂತೆ ರಾಜ್ಯ ವಕೀಲರ ಪರಿಷತ್ತಿನಲ್ಲಿ ನೋಂದಣಿ ಮಾಡಿಸಿಕೊಂಡು ಸನ್ನದು ಪಡೆಯುತ್ತಾರೆ. ತಾಲ್ಲೂಕಿನ ಅಥವಾ ಜಿಲ್ಲೆಯ ವಕೀಲರ ಸಂಘಕ್ಕೆ ಸೇರುವುದು ಅದಾದ ಮೇಲಿನ ಮಾತು. ಸಂಘವು ಯಾರನ್ನೂ ವಕೀಲರನ್ನಾಗಿ ಮಾಡುವುದಿಲ್ಲ, ಆಗಲೇ ವಕೀಲರಾದವರನ್ನು ಸೇರಿಸಿಕೊಳ್ಳುತ್ತದೆ. ಆದಕಾರಣ ‘ವಕೀಲರ ಸಂಘದ ವಿದ್ಯಾರ್ಥಿ ಸದಸ್ಯ’ ಎಂದೊಡನೆ, ಕಡಿಮೆ ಚಂದಾ ಕಟ್ಟಿ ಗ್ರಂಥಾಲಯವನ್ನು ಬಳಸುವ, ಸರ್ವಸದಸ್ಯರ ಸಭೆಯಲ್ಲಿ ಮತ ಹಾಕಲು ಬಾರದ, ಬೇಕಾದರೆ ಆಗಬಹುದಾದ ಬೇಡವಾದರೆ ಬಿಡಬಹುದಾದ ಒಂದು ರಿಯಾಯಿತಿ ಸದಸ್ಯತ್ವವೆಂದೇ ನಾವು ತಿಳಿಯುತ್ತೇವೆ.

ಇಂಗ್ಲೆಂಡಿನ ಕ್ರಮ ಇದಕ್ಕೆ ವಿರುದ್ಧವಾದದ್ದು. ಲಂಡನ್ನಿನಲ್ಲಿ ಲಿಂಕನ್ಸ್ ಇನ್, ಇನ್ನರ್ ಟೆಂಪಲ್, ಮಿಡಲ್ ಟೆಂಪಲ್, ಗ್ರೇಸ್ ಇನ್ ಎಂದು ನಾಲ್ಕು ಇನ್‌ಗಳಿವೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಒಬ್ಬರನ್ನು ಬ್ಯಾರಿಸ್ಟರ್ ಎಂದು ಅಂಗೀಕರಿಸುವ ಅಧಿಕಾರವಿರುವುದು ಈ ನಾಲ್ಕಕ್ಕೆ ಮಾತ್ರ. ವೃತ್ತಿ ತರಬೇತಿ ಶುರುವಾಗುವ ಮೊದಲೇ ಅಭ್ಯರ್ಥಿಯು ಇವುಗಳಲ್ಲಿ ಒಂದನ್ನು ಆರಿಸಿಕೊಂಡು ಸೇರಿರಬೇಕು. ಹಾಗೆ ಸೇರಿದವರನ್ನು ವಿದ್ಯಾರ್ಥಿ ಸದಸ್ಯ ಎನ್ನುತ್ತಾರೆ. ಅವರೇ ಮುಂದೆ ಬ್ಯಾರಿಸ್ಟರ್ ಆದಾಗ ಹೊಸದಾಗಿ ಇನ್ನೊಂದು ಸಂಸ್ಥೆಗೆ ಸೇರುವುದಿಲ್ಲ. ಅದೇ ಇನ್‌ನ ಸದಸ್ಯರಾಗಿ ಉಳಿದು ಮೇಲಿನ ವರ್ಗಕ್ಕೆ ಹೋಗುತ್ತಾರೆ. ಅವರಿಗಿಂತಲೂ ಮೇಲೆ ಬೆಂಚರ್‌ಗಳೆಂಬ ಹಿರಿಯರಿದ್ದು ಇನ್‌ನ ಆಡಳಿತವನ್ನು ನಡೆಸುತ್ತಾರೆ. ಅಂದರೆ ಈ ವಿದ್ಯಾರ್ಥಿ ಸದಸ್ಯತ್ವವು ವೃತ್ತಿಯ ಪಕ್ಕದಲ್ಲಿರುವ ಅನುಕೂಲವಲ್ಲ, ವೃತ್ತಿಗೆ ಇರುವ ಬಾಗಿಲು.

ಈ ಬಾಗಿಲಿನ ಮಹತ್ವ ತಿಳಿಯಲು ಹೆಲೆನಾ ನಾರ್ಮಂಟನ್ ಅವರ ಸಂಗತಿಯನ್ನು ನೋಡಬಹುದು. ಹೆಂಗಸೆಂಬ ಕಾರಣಕ್ಕೆ 1918ರಲ್ಲಿ ಮಿಡಲ್ ಟೆಂಪಲ್ ಅವರ ಅರ್ಜಿಯನ್ನು ತಿರಸ್ಕರಿಸಿತ್ತು. ಲಿಂಗದ ಕಾರಣಕ್ಕೆ ಅನರ್ಹಗೊಳಿಸುವುದನ್ನು ತೆಗೆದುಹಾಕಿದ ಶಾಸನಕ್ಕೆ 1919ರ ಡಿಸೆಂಬರ್ 23ರಂದು ರಾಜಮುದ್ರೆ ಬಿತ್ತು; ಮರುದಿನವೇ ಅವರು ಅದೇ ಇನ್‌ಗೆ ವಿದ್ಯಾರ್ಥಿಯಾಗಿ ಸೇರಿದರು. ಅವರು ಬ್ಯಾರಿಸ್ಟರ್ ಆದದ್ದು 1922ರಲ್ಲಿ. ಹೋರಾಟ ನಡೆದದ್ದು ಪರೀಕ್ಷೆಗಾಗಿ ಅಲ್ಲ, ಈ ಸದಸ್ಯತ್ವಕ್ಕಾಗಿ. ‘ರಿಯಾಯಿತಿ ಚಂದಾದಾರ’ ಎಂಬ ಛಾಯೆಯ ಪದವನ್ನಿಟ್ಟುಕೊಂಡು ಈ ಘಟನೆಯನ್ನು ಕನ್ನಡದಲ್ಲಿ ಹೇಳಲು ಹೊರಟರೆ, ಅಷ್ಟು ಸಣ್ಣ ವಿಷಯಕ್ಕೆ ಇಷ್ಟು ರಂಪವೇಕೆ ಎಂದು ಓದುಗರು ಕೇಳಿಯಾರು.

ನಮ್ಮಲ್ಲಿ ಬರುವ ಜೀವನಚರಿತ್ರೆಗಳಲ್ಲಿಯೂ ಇದೇ ತೊಡಕಿದೆ. ಗಾಂಧೀಜಿಯವರು 1888ರ ನವೆಂಬರ್ 6ರಂದು ಇನ್ನರ್ ಟೆಂಪಲ್ ಸೇರಿ, 1891ರ ಜೂನ್ 10ರಂದು ಬ್ಯಾರಿಸ್ಟರ್ ಆದರು. ಇದನ್ನು ‘ಬ್ಯಾರಿಸ್ಟರ್ ಪದವಿ ಪಡೆದರು’ ಎಂದು ಬರೆಯುವುದು ರೂಢಿ. ಆದರೆ ಅದು ವಿಶ್ವವಿದ್ಯಾಲಯ ಕೊಡುವ ಪದವಿಯಾಗಿರಲಿಲ್ಲ. ಪರೀಕ್ಷೆಗಳ ಜೊತೆಗೆ 12 ಟರ್ಮ್‌ಗಳನ್ನು ಪೂರೈಸಬೇಕಿತ್ತು, ಟರ್ಮ್ ಪೂರೈಸುವುದೆಂದರೆ ಇನ್‌ನ ಭೋಜನಗಳಿಗೆ ಗೊತ್ತಾದಷ್ಟು ಸಲ ಹಾಜರಾಗುವುದು. ನಾಲ್ವರ ಒಂದೊಂದು ಗುಂಪಿಗೆ ಎರಡು ಬಾಟಲಿ ವೈನ್ ಕೊಡುತ್ತಿದ್ದರೆಂದೂ, ತಾವು ಕುಡಿಯದವರಾದ್ದರಿಂದ ಉಳಿದ ಮೂವರಿಗೆ ಹೆಚ್ಚು ದಕ್ಕುವುದೆಂದು ತಮ್ಮನ್ನು ಗುಂಪಿಗೆ ಸೇರಿಸಿಕೊಳ್ಳಲು ಬಹಳ ಬೇಡಿಕೆಯಿತ್ತೆಂದೂ ಅವರೇ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಈಗ ಟರ್ಮ್ ಲೆಕ್ಕದ ಬದಲು ಉಪನ್ಯಾಸ, ಅಣಕು ನ್ಯಾಯಾಲಯ, ಭೋಜನ ಮುಂತಾದವು ಸೇರಿದ ಅರ್ಹತಾ ಕಲಾಪಗಳಿವೆ. ಆದರೂ ಇನ್‌ನವರ ನಡುವೆ ಇದ್ದು ಕಲಿಯಬೇಕೆಂಬ ಮೂಲ ಉದ್ದೇಶ ಹಾಗೆಯೇ ಇದೆ. 1922ರಲ್ಲಿ ಗಾಂಧೀಜಿಯವರ ಹೆಸರನ್ನು ಬ್ಯಾರಿಸ್ಟರ್‌ಗಳ ಪಟ್ಟಿಯಿಂದ ತೆಗೆದುಹಾಕಿದ್ದೂ, 1988ರಲ್ಲಿ ಮರಳಿ ಸೇರಿಸಿದ್ದೂ ಇನ್ನರ್ ಟೆಂಪಲ್ಲೇ. ಅಂಬೇಡ್ಕರರು 1916ರಲ್ಲಿ ಗ್ರೇಸ್ ಇನ್ ಸೇರಿ, ಮರುವರ್ಷ ಭಾರತಕ್ಕೆ ಹಿಂದಿರುಗಬೇಕಾಗಿ ಬಂದು, 1920ರಲ್ಲಿ ಮತ್ತೆ ಲಂಡನ್ನಿಗೆ ಹೋಗಿ ಅದೇ ಇನ್‌ನ ಮೂಲಕ ಬ್ಯಾರಿಸ್ಟರ್ ಆದರು. ‘ಕೋರ್ಸಿಗೆ ಸೇರಿದರು’ ಎಂದು ಬರೆದರೆ ಈ ನಂಟು ಕಾಣುವುದಿಲ್ಲ.

ಹಾಗಾದರೆ ‘ಇನ್’ಗೆ ಏನೆನ್ನಬೇಕು? ನಾಲ್ಕೂ ಇನ್‌ಗಳ ವಿಧ್ಯುಕ್ತ ಹೆಸರಿನಲ್ಲಿ ‘ಸೊಸೈಟಿ’ ಎಂಬ ಪದವಿರುವುದರಿಂದ ‘ಸಂಘ’ ಎಂದವರನ್ನು ಪೂರಾ ದೂರುವಂತಿಲ್ಲ. ‘ಸೊಸೈಟಿ’ ಎಂದೇ ಉಳಿಸಿಕೊಳ್ಳೋಣವೆಂದರೆ ನಮ್ಮ ಊರುಗಳಲ್ಲಿ ಅದು ರೇಷನ್ ಅಕ್ಕಿ ಕೊಡುವ ಜಾಗ. ‘ವಿದ್ಯಾಲಯ’ವೂ ಸರಿಯಲ್ಲ, ಏಕೆಂದರೆ ಓದು ಮುಗಿದ ಮೇಲೂ ಬ್ಯಾರಿಸ್ಟರ್‌ಗಳ ಕಚೇರಿಗಳು ಅದೇ ಆವರಣದಲ್ಲಿರುತ್ತವೆ, ಭೋಜನಶಾಲೆ, ಗ್ರಂಥಾಲಯ, ಪ್ರಾರ್ಥನಾಮಂದಿರಗಳೂ ಅಲ್ಲಿಯೇ ಇವೆ. ‘ಛತ್ರ’ ಎನ್ನುವುದು ‘ಇನ್’ ಪದದ ‘ತಂಗುಮನೆ’ ಎಂಬ ಮೂಲಾರ್ಥಕ್ಕೆ ಹತ್ತಿರವಾದರೂ ಮದುವೆಯ ನೆನಪು ತರುತ್ತದೆ. ಭಾವದ ಮಟ್ಟಿಗೆ ನನಗೆ ಹತ್ತಿರವೆನಿಸಿದ್ದು ‘ಗರಡಿ’: ಹೊಸಬ, ಪಳಗಿದವ, ಉಸ್ತಾದ ಮೂವರೂ ಒಂದೇ ಮನೆಯವರು. ಆದರೆ ಕೈಪಿಡಿಯಲ್ಲಿ ‘ಗ್ರೇಸ್ ಗರಡಿ’ ಎಂದು ಅಚ್ಚು ಹಾಕುವ ಧೈರ್ಯ ಯಾವ ಸಂಪಾದಕರಿಗೂ ಇರಲಾರದು. ಕೊನೆಗೆ ‘ಇನ್’ ಎಂಬುದನ್ನೇ ಇಟ್ಟುಕೊಂಡು, ಮೊದಲ ಸಲ ಬಂದಾಗ ‘ಬ್ಯಾರಿಸ್ಟರ್‌ಗಳನ್ನು ಅಂಗೀಕರಿಸುವ ಸಂಸ್ಥೆ’ ಎಂದು ಬಿಡಿಸಿ ಹೇಳುವುದೇ ಲೇಸೆಂದು ತೀರ್ಮಾನಿಸಿದ್ದೇನೆ. ‘ವಿದ್ಯಾರ್ಥಿ ಸದಸ್ಯ’ ಎಂಬುದನ್ನು ಇಂಥ ವಿವರಣೆಯೊಡನೆ ಉಳಿಸಬಹುದು, ‘ವಕೀಲರ ಸಂಘ’ವನ್ನು ಮಾತ್ರ ಬಿಡಬೇಕು. ಅಪರಾಧ, ಕೌಟುಂಬಿಕ ಮುಂತಾದ ಕಾನೂನು ವಿಭಾಗಗಳಿಗೆ ಅಲ್ಲಿ ಬ್ಯಾರಿಸ್ಟರ್‌ಗಳ ಐಚ್ಛಿಕ ಸಂಘಗಳು ಬೇರೆಯೇ ಇವೆ. ‘ಸಂಘ’ ಎಂಬ ಪದವನ್ನು ಅವುಗಳಿಗೆ ಮೀಸಲಿಡುವುದು ಒಳ್ಳೆಯದು.

ಇದರ ಬೆನ್ನಿಗೇ ಎರಡು ತೊಡಕುಗಳು ಉಳಿಯುತ್ತವೆ.

ಮೊದಲನೆಯದು ‘ಪ್ಯೂಪಿಲ್’. ಬ್ಯಾರಿಸ್ಟರ್ ಎಂದು ಅಂಗೀಕೃತರಾದವರು ಸ್ವತಂತ್ರವಾಗಿ ವೃತ್ತಿ ನಡೆಸಬೇಕಾದರೆ ಅನುಭವಿಯೊಬ್ಬರ ಕೈಕೆಳಗೆ ಸಾಮಾನ್ಯವಾಗಿ ಒಂದು ವರ್ಷ ಪಳಗಬೇಕು; ಆ ಅವಧಿಯಲ್ಲಿ ಅವರು ‘ಪ್ಯೂಪಿಲ್’. ನಿಘಂಟು ನೋಡಿ ಇದಕ್ಕೂ ‘ವಿದ್ಯಾರ್ಥಿ’ ಎಂದರೆ ವಿದ್ಯಾರ್ಥಿ ಸದಸ್ಯರಿಗೂ ಇವರಿಗೂ ವ್ಯತ್ಯಾಸವೇ ಉಳಿಯದು. ನಮ್ಮ ಕೋರ್ಟುಗಳ ಮಾತಿನಂತೆ ‘ಜೂನಿಯರ್’ ಎನ್ನೋಣವೆಂದರೆ, ಇಂಗ್ಲೆಂಡಿನಲ್ಲಿ ‘ಕಿಂಗ್ಸ್ ಕೌನ್ಸೆಲ್’ ಎಂಬ ಗೌರವ ಪಡೆಯದ ಬ್ಯಾರಿಸ್ಟರ್‌ಗಳೆಲ್ಲರೂ, ಮೂವತ್ತು ವರ್ಷ ವಾದ ಮಾಡಿದವರೂ, ಜೂನಿಯರ್‌ಗಳೇ. ಸದ್ಯಕ್ಕೆ ‘ತರಬೇತಿ ಬ್ಯಾರಿಸ್ಟರ್’ ಎಂದು ಬರೆದಿದ್ದೇನೆ.

ಎರಡನೆಯದು ‘ಕಾಲ್ ಟು ದ ಬಾರ್’, ಅಂದರೆ ಇನ್ ಒಬ್ಬರನ್ನು ಬ್ಯಾರಿಸ್ಟರ್ ಎಂದು ಅಂಗೀಕರಿಸುವ ವಿಧಿ. ಕರಡಿನಲ್ಲಿ ‘ಅವರನ್ನು ಬಾರ್‌ಗೆ ಕರೆಯಲಾಯಿತು’ ಎಂದಿತ್ತು. ಅದರ ಮೇಲೆ ಹೆಚ್ಚು ಹೇಳಬೇಕಾಗಿಲ್ಲ. ಅದನ್ನು ತಿದ್ದಿದವರು ‘ಕಟಕಟೆಗೆ ಕರೆಯಲಾಯಿತು’ ಎಂದು ಬದಲಿಸಿದ್ದಾರೆ. ನಮ್ಮಲ್ಲಿ ಕಟಕಟೆ ಏರುವವರು ಆರೋಪಿ ಮತ್ತು ಸಾಕ್ಷಿಗಳಲ್ಲವೇ? ‘ಸನ್ನದು ಪಡೆದರು’ ಎಂಬುದು ಕಿವಿಗೆ ಹಿತವಾಗಿದೆ, ಗಾಂಧೀಜಿಯವರ ಕಾಲಕ್ಕೆ ಬಹುಮಟ್ಟಿಗೆ ಒಪ್ಪುತ್ತದೆ ಕೂಡ. ಆದರೆ ಈಗ ಅಂಗೀಕಾರವಾದ ಮಾತ್ರಕ್ಕೆ ವೃತ್ತಿ ನಡೆಸುವ ಹಕ್ಕು ಬರುವುದಿಲ್ಲ, ಅದಕ್ಕೆ ಪ್ರತ್ಯೇಕ ವೃತ್ತಿಪತ್ರ ಬೇಕು. ಸನ್ನದು ಎಂಬ ಪದವನ್ನು ಆ ಪತ್ರಕ್ಕೆ ಉಳಿಸಿಕೊಳ್ಳಬೇಕಾಗುತ್ತದೆ. ‘ಪದಗ್ರಹಣ’ವು ಅಧ್ಯಕ್ಷ, ಕಾರ್ಯದರ್ಶಿಗಳ ಪಾಲಿಗೆ ಸಂದುಹೋಗಿದೆ. ನಾನು ಬಳಸಿರುವ ‘ಅಂಗೀಕಾರ’ವು ಅರ್ಥಕ್ಕೆ ಮೋಸ ಮಾಡದಿದ್ದರೂ, ಹಿರಿಯರೆದುರು ಒಬ್ಬೊಬ್ಬರ ಹೆಸರು ಹಿಡಿದು ಕರೆಯುವ ಆ ವಿಧಿಯ ಗಾಂಭೀರ್ಯ ಅದರಲ್ಲಿ ಬಂದಿಲ್ಲ.

ಹಳೆಯ ಮೈಸೂರು ಅಥವಾ ಮುಂಬಯಿ ಕರ್ನಾಟಕದ ಬರವಣಿಗೆಯಲ್ಲಿ, ಬ್ಯಾರಿಸ್ಟರ್ ಆಗಿ ಮರಳಿದವರ ಕುರಿತ ಸುದ್ದಿಗಳಲ್ಲಿ, ಈ ಎರಡಕ್ಕೆ ಬೇರೆ ಪದಗಳನ್ನು ಬಳಸಿದ್ದನ್ನು ಕಂಡವರಿದ್ದರೆ ಆ ವಾಕ್ಯವನ್ನು ಪೂರ್ತಿಯಾಗಿ, ವರ್ಷದ ಸಹಿತ ತಿಳಿಸಬೇಕೆಂದು ಕೋರುತ್ತೇನೆ. ವಕೀಲಿ ವೃತ್ತಿಯಲ್ಲಿರುವ ಸದಸ್ಯರು ‘ತರಬೇತಿ ಬ್ಯಾರಿಸ್ಟರ್’ ಎಂಬುದು ತಮ್ಮ ಕಿವಿಗೆ ಹೇಗೆ ಕೇಳುತ್ತದೆಂಬುದನ್ನೂ ಬರೆದರೆ ಉಪಕಾರವಾಗುತ್ತದೆ.